ಪಂಚಾಯತು ಅಧ್ಯಕ್ಷರೆ, ಕೊನೆಯ ನಿಪ್ಪಲಿನ ನೀರನ್ನು ಪರೀಕ್ಷೆ ಮಾಡಿಸಿ

ಮಾನ್ಯ ಅಧ್ಯಕ್ಷರಿಗೆ ನಮಸ್ಕಾರಗಳು.

ಕಾಸರಗೋಡಿನ ಗಡಿಭಾಗದ ನಿಮ್ಮದೇ ಪಂಚಾಯತಿನಲ್ಲಿ ಬ್ರಾಯ್ಲರ್ ಕೋಳಿ ಸಾಕಿ ಬದುಕುವವಳು ನಾನು. ಅರ್ಜಿ ಕೊಟ್ಟಾಯಿತು, ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿಯಾಯಿತು, ವಾರ್ಡು ಸದಸ್ಯರ ಮನೆಗೂ ಹೋಗಿ ಬಂದಾಯಿತು. ಇನ್ನು ಎಲ್ಲರೆದುರು ಬರೆಯುವುದೊಂದೇ ಬಾಕಿ. ಕೇಳುವುದು ಇಷ್ಟೆ: ಕೋಳಿ ಫಾರಂಗಳ ನೀರನ್ನು ಪೈಪಿಗೆ ಜೋಡಿಸಿದ, ಕೋಳಿ ಕೊಕ್ಕು ತಾಗಿಸಿ ನೀರು ಕುಡಿಯುವ ನಿಪ್ಪಲಿನಿಂದಲೇ ಹಿಡಿದು, ಕ್ರಮ ಪ್ರಕಾರ ಪರೀಕ್ಷೆ ಮಾಡಿಸಿ.

ಕೇರಳದ 2012ರ ಜಾನುವಾರು ಫಾರಂ ಪರವಾನಗಿ ನಿಯಮಗಳನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಪರಿಶೀಲನೆಗೆ ಬಂದವರು ಪಕ್ಕದ ಮನೆಗೆಷ್ಟು ದೂರ ಎಂದು ಟೇಪು ಹಿಡಿಯುತ್ತಾರೆ, ಗೊಬ್ಬರದ ಗುಂಡಿ ನೋಡುತ್ತಾರೆ, ಸತ್ತ ಕೋಳಿಯನ್ನು ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಕೇಳಬೇಕಾದ್ದೇ. ನೀರಿನ ವಿಷಯ ಬಂದಾಗ ಮಾತ್ರ ಟ್ಯಾಂಕಿಯ ಮುಚ್ಚಳ ಸರಿಸಿ ಇಣುಕಿ, "ನೀರು ತಿಳಿಯಾಗಿದೆಯಲ್ಲ" ಎಂದು ಬರೆದುಕೊಂಡು ಹೊರಟುಬಿಡುತ್ತಾರೆ.

ಟ್ಯಾಂಕಿಯಲ್ಲಿ ತಿಳಿಯಾಗಿಯೇ ಇರುತ್ತದೆ, ಅಧ್ಯಕ್ಷರೆ. ಕೊಳೆ ಇರುವುದು ಪೈಪಿನ ಒಳಗೆ. ಮರಿ ಇಳಿಸಿದ ಮೊದಲ ವಾರ ಶೆಡ್ಡನ್ನು ಬಿಸಿ ಇಡಬೇಕು. ಅಷ್ಟು ಸಣ್ಣ ಮರಿಗಳು ಕುಡಿಯುವ ನೀರೋ ತೀರ ಕಡಿಮೆ. ಹಾಗಾಗಿ ನೀರು ಪೈಪಿನಲ್ಲಿ ಮುಂದೆ ಹೋಗದೆ ಬೆಚ್ಚಗೆ ನಿಲ್ಲುತ್ತದೆ. ಅದೇ ಪೈಪಿನಲ್ಲಿ ವಿಟಮಿನ್, ಗ್ಲೂಕೋಸ್, ಲಸಿಕೆಯ ಜೊತೆ ಹಾಲಿನ ಪುಡಿ ಹೋಗುತ್ತದೆ. ನಮ್ಮ ಮುರಕಲ್ಲಿನ ನೆಲದ ಬೋರ್‌ವೆಲ್ ನೀರಿನ ಕಬ್ಬಿಣದ ಅಂಶವೂ ಸೇರಿದರೆ ಪೈಪಿನ ಒಳಮೈಗೆ ಲೋಳೆ ಕಟ್ಟದೆ ಏನಾದೀತು? ಇ. ಕೋಲೈಯಂಥ ರೋಗಾಣುಗಳು ಅಡಗಿ ಕೂರುವುದು ಆ ಲೋಳೆಯಲ್ಲಿ. ಟ್ಯಾಂಕಿಗೆ ಹಾಕಿದ ಕ್ಲೋರಿನ್ ದಾರಿಯಲ್ಲೇ ಅದಕ್ಕೆ ಖರ್ಚಾಗಿ ಹೋಗುತ್ತದೆ. ಕೊನೆಯ ನಿಪ್ಪಲಿನಲ್ಲಿ 2-3 ಪಿಪಿಎಂ, ಅಂದರೆ ಲೀಟರಿಗೆ 2-3 ಮಿಲಿಗ್ರಾಂ, ಉಳಿದಿದ್ದರೆ ಮಾತ್ರ ಕ್ಲೋರಿನ್ ಹಾಕಿದ್ದಕ್ಕೆ ಅರ್ಥ. ಕೋಳಿ ಒಂದು ಕಿಲೋ ಫೀಡ್ ತಿಂದರೆ ಹೆಚ್ಚುಕಡಿಮೆ ಎರಡು ಲೀಟರ್ ನೀರು ಕುಡಿಯುತ್ತದೆ, ಸೆಕೆಗೆ ಇನ್ನೂ ಜಾಸ್ತಿ. ಫೀಡಿನ ಒಂದೊಂದು ಚೀಲಕ್ಕೂ ಲೆಕ್ಕ ಇದೆ. ನೀರನ್ನು ಕೇಳುವವರೇ ಇಲ್ಲ.

ಕೊನೆಗೂ ಒಮ್ಮೆ ಕೇಳಿದಿರಿ. ಹೇಗೆ ಕೇಳಿದಿರಿ ಎಂಬುದನ್ನು ಊರಿನವರೂ ತಿಳಿಯಲಿ.

ಓಣಂ ರಜೆಗೆ ಮುಂಚೆ ಎಲ್ಲ ಫಾರಂನವರೂ ನೀರಿನ ಸ್ಯಾಂಪಲ್ ತಂದುಕೊಡಿ ಎಂದು ಕಚೇರಿಯಿಂದ ಫೋನ್ ಬಂತು. ಯಾವ ಬಾಟಲಿ ಎಂದು ಕೇಳಿದರೆ "ಯಾವುದಾದರೂ ಆದೀತು" ಎಂಬ ಉತ್ತರ. ಸ್ಯಾಂಪಲ್ ಹಿಡಿಯಲು ರೋಗಾಣುಮುಕ್ತ ಬಾಟಲಿ ಬೇಕು, ಕ್ಲೋರಿನ್ ಹಾಕಿದ ನೀರಾದರೆ ಅದರೊಳಗೆ ಕ್ಲೋರಿನ್ನಿನ ಕೆಲಸ ನಿಲ್ಲಿಸುವ ಥಯೋಸಲ್ಫೇಟ್ ಇರಬೇಕು, ಐಸಿನಲ್ಲಿಟ್ಟು 24 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಕೇಳಿದ್ದು ಅಧಿಕಾರಿಗಳಲ್ಲವೆ ಎಂದು ತಂಪು ಪಾನೀಯದ ಬಾಟಲಿಗಳಲ್ಲೇ ಎಲ್ಲರೂ ಕೊಟ್ಟೆವು. ಆ ಬಾಟಲಿಗಳು ಓಣಂ ರಜೆಯಿಡೀ ನಿಮ್ಮ ಕಚೇರಿಯ ಕಿಟಕಿಯಲ್ಲಿ ಬಿಸಿಲು ಕಾದವು. ರಜೆ ಮುಗಿದ ಮೇಲೆ ಬೇರೆ ಕೆಲಸಕ್ಕೆ ಹೋದ ನಾನೇ ಕಣ್ಣಾರೆ ನೋಡಿದ್ದೇನೆ. ಆಮೇಲೆ ಯಾವಾಗಲೋ ಲ್ಯಾಬಿಗೆ ಹೋದವು. ವರದಿಯಲ್ಲಿ ಕೋಲಿಫಾರ್ಮ್, ಅಂದರೆ ನೀರು ಕೆಟ್ಟಿದೆಯೆಂದು ತೋರಿಸುವ ಬ್ಯಾಕ್ಟೀರಿಯಾ, ಮಿತಿಮೀರಿತ್ತು. ಬಿಸಿಲಿಗಿಟ್ಟ ಬಾಟಲಿಯಲ್ಲಿ ಏನು ಬೆಳೆಯಿತೋ, ನನ್ನ ಶೆಡ್ಡಿನಲ್ಲಿ ಏನಿತ್ತೋ, ಯಾರು ಹೇಳುತ್ತಾರೆ? ಆದರೂ ಪರವಾನಗಿ ಏಕೆ ರದ್ದು ಮಾಡಬಾರದು ಎಂಬ ನೋಟೀಸು ಮಾತ್ರ ನನ್ನ ಮನೆಗೇ ಬಂತು, ಮಲಯಾಳದಲ್ಲಿ! ಅದನ್ನು ಓದಿಸಲು ನೆರೆಮನೆಯ ಕಾಲೇಜು ಹುಡುಗಿಯನ್ನು ಕರೆಯಬೇಕಾಯಿತು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಡಿ ಇಲ್ಲಿನ ಕನ್ನಡಿಗರಿಗೆ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕಿದೆ ಎಂಬುದು ನಿಮಗೆ ಗೊತ್ತಿಲ್ಲದ್ದೇನಲ್ಲ.

ನೋಟೀಸಿನ ಸುದ್ದಿ ಕೇಳಿ, ನಮ್ಮಿಂದ ಕೋಳಿ ಸಾಕಿಸುವ ಕಂಪೆನಿಯವರು ಮರಿ ಕೊಡುವುದನ್ನು ನಿಲ್ಲಿಸಿದರು. ಅಡಿಕೆ ತೋಟಕ್ಕೆ ಹಳದಿ ರೋಗ ಬಂದ ಮೇಲೆ ಸಾಲ ಮಾಡಿ ಕಟ್ಟಿದ ಶೆಡ್ಡು ಅದು. ಮರಿ, ಫೀಡ್, ಮದ್ದು ಕಂಪೆನಿಯದ್ದು. ಶೆಡ್ಡು, ಕರೆಂಟು, ನೀರು, ಮೈಮುರಿಯುವ ದುಡಿಮೆ ನಮ್ಮದು. ಶೆಡ್ಡು ಖಾಲಿ ಬಿದ್ದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಅತ್ತೆಯ ಮದ್ದಿಗೆ ಬಳೆ ಅಡವಿಟ್ಟೆ. ಅಳುತ್ತಾ ಕೂರಲಿಲ್ಲ. ಖಾಲಿ ಶೆಡ್ಡಿನ ನೀರಿನ ಪೈಪ್ ಲೈನಿಗೆ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ತುಂಬಿಸಿಟ್ಟು, ಮಾರನೆಯ ದಿನ ಒತ್ತಡದ ನೀರು ಬಿಟ್ಟು ತೊಳೆದೆ. ಪೈಪಿನ ತುದಿಯಿಂದ ಬಂದದ್ದು ಕಂದು ಬಣ್ಣದ, ನಾರುವ ಲೋಳೆಯ ತುಂಡುಗಳು. ನೀವು ಪರೀಕ್ಷಿಸಬೇಕಾಗಿದ್ದದ್ದು ಅದನ್ನು! ಈಗ ಲೈನು ಪೂರ್ತಿ ಶುದ್ಧವಾಗಿದೆಯೋ ಇಲ್ಲವೋ ಎಂದು ತಿಳಿಯಲು ನನಗೆ ದಾರಿಯಿಲ್ಲ. ಅದಕ್ಕೇ ಮತ್ತೆ ಕೇಳುತ್ತಿದ್ದೇನೆ: ಕೊನೆಯ ನಿಪ್ಪಲಿನ ನೀರನ್ನು ಪರೀಕ್ಷೆ ಮಾಡಿಸಿ.

ಇದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ಮೃಗಾಸ್ಪತ್ರೆ ನಿಮ್ಮ ಪಂಚಾಯತಿನ ಕೈಕೆಳಗೇ ಇದೆ. ಸರಿಯಾದ ಬಾಟಲಿಗಳು, ಒಂದು ಐಸ್ ಪೆಟ್ಟಿಗೆ, ಕ್ಲೋರಿನ್ ನೋಡುವ ಸಣ್ಣ ಕಿಟ್ ಅಲ್ಲಿರಲಿ. ಬ್ಯಾಚು ಮುಗಿದು ಲೈನು ತೊಳೆದ ಮೇಲೆ ಮತ್ತು ಮರಿ ಇಳಿಸುವ ಮುಂಚೆ, ಟ್ಯಾಂಕಿಯಿಂದ ಒಂದು, ಕೊನೆಯ ನಿಪ್ಪಲಿನಿಂದ ಒಂದು ಸ್ಯಾಂಪಲ್ ಅವರೇ ಬಂದು ತೆಗೆಯಲಿ. ಖರ್ಚಿನಲ್ಲಿ ನಮ್ಮ ಪಾಲು ಕೊಡಲು ನಾವು ತಯಾರಿದ್ದೇವೆ. ವರದಿ ಕನ್ನಡದಲ್ಲಿ ಬರಲಿ. ಅದರಲ್ಲಿ ತಪ್ಪು ಕಂಡರೆ ಆಗ ನೋಟೀಸು ಕೊಡಿ, ತಲೆಬಾಗಿ ತೆಗೆದುಕೊಳ್ಳುತ್ತೇನೆ. ಕಿಟಕಿಯ ಬಿಸಿಲಿನಲ್ಲಿ ಬೆಂದ ಬಾಟಲಿಯ ಹೆಸರಿನಲ್ಲಿ ನನ್ನ ಅನ್ನ ಕಸಿಯಬೇಡಿ.

ಆ ನೋಟೀಸನ್ನು ಹಿಂದೆಗೆದುಕೊಳ್ಳಿ. ನಿಪ್ಪಲಿನ ನೀರನ್ನು ಪರೀಕ್ಷೆ ಮಾಡಿಸಿ. ಎರಡಕ್ಕೂ ಮುಂದಿನ ಗ್ರಾಮಸಭೆಗೆ ಮೊದಲು ಬರಹದಲ್ಲಿ ಉತ್ತರ ಕೊಡಿ, ಕನ್ನಡದಲ್ಲಿ.

ಇತಿ,
ನಿಮ್ಮ ಪಂಚಾಯತಿನ ಒಬ್ಬ ಕೋಳಿ ಸಾಕಣೆಗಾರ್ತಿ