ನೀನು ಬಿಟ್ಟುಹೋದ ಕಾದಂಬರಿ ಓದಿದೆ

ಪುಟ್ಟಮ್ಮ,

ನೀನು ಮಂಚದ ಮೇಲೆ ಬಿಟ್ಟುಹೋದ ಕಾದಂಬರಿ ಓದಿ ಮುಗಿಸಿದೆ. ಹದಿಹರೆಯದವರಿಗೆ ಬರೆದದ್ದಾದರೂ ನನಗೂ ಕಣ್ಣು ತುಂಬಿತು. ಕೆಲವು ಸಾಲುಗಳ ಕೆಳಗೆ ನೀನು ಪೆನ್ಸಿಲ್ ಗೆರೆ ಎಳೆದಿದ್ದೀಯ. ಈ ಸಲ ಊರಿಗೆ ಬಂದಾಗ ಯಾಕೆ ಅಷ್ಟು ಮಂಕಾಗಿದ್ದೆ ಅಂತ ಅವನ್ನು ನೋಡಿದ ಮೇಲೆ ಗೊತ್ತಾಯಿತು. ಆ ಹುಡುಗ ಯಾರು, ಏನಾಯಿತು ಅಂತ ನಾನು ಕೇಳುವುದಿಲ್ಲ. ಹೇಳಬೇಕು ಅನ್ನಿಸಿದ ದಿನ ಹೇಳು.

ಕಾದಂಬರಿಯ ಕೊನೆ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಹುಡುಗ ಕೈಬಿಟ್ಟ ಮೇಲೆ ನಾಯಕಿ ಬೇರೆ ಊರಿಗೆ ಹೋಗುತ್ತಾಳೆ, ಚಿತ್ರ ಬರೆಯುತ್ತಾಳೆ, ಬಹುಮಾನವೂ ಬರುತ್ತದೆ. ನಾಲ್ಕು ಪುಟದಲ್ಲಿ ದುಃಖ ಮಾಯ. ಅಷ್ಟು ಬೇಗ ಹೋಗುವುದಿಲ್ಲ ಕಣಮ್ಮ. ಅವಳಿಗೆ ಆಗಿದ್ದು ನನಗೆ ಯಾಕೆ ಆಗ್ತಿಲ್ಲ ಅಂತ ನೀನು ಕೊರಗಬಾರದು. ಅದಕ್ಕೇ ಈ ಕಾಗದ.

ನೀನು ನಮ್ಮ ರೇಷ್ಮೆ ಹುಳುಮನೆಯಲ್ಲೇ ಆಡಿ ಬೆಳೆದವಳು. ಗೂಡು ಕಟ್ಟುವ ಮೊದಲು, ಸುಮಾರು 25 ದಿನದಲ್ಲಿ, ಹುಳು 4 ಸಲ ಜ್ವರಕ್ಕೆ, ಅಂದರೆ ಚರ್ಮ ಕಳಚಲು, ಕೂರುತ್ತದೆ. ತಲೆ ಎತ್ತಿಕೊಂಡು, ಅಲ್ಲಾಡದೆ, ಸೊಪ್ಪು ಮುಟ್ಟದೆ ಇರುತ್ತದೆ. ಮೊದಲಿನವು ಒಂದು ದಿನಕ್ಕೆ ಬಿಡುತ್ತವೆ, ನಾಲ್ಕನೆಯದು ಇನ್ನೂ ಜಾಸ್ತಿ ಹೊತ್ತು. ಆಗ ನಾವು ಸುಣ್ಣದ ಪುಡಿ ಉದುರಿಸಿ, ಗಾಳಿ ಆಡುವ ಹಾಗೆ ಮಾಡಿ, ಸುಮ್ನೆ ಬಿಡುತ್ತೇವೆ. ಹಳೇ ಚರ್ಮ ಕಳಚಿ ಹೆಚ್ಚುಕಡಿಮೆ ಎಲ್ಲವೂ ಎದ್ದ ಮೇಲೇ ಸೊಪ್ಪು. ಅವಸರಪಟ್ಟು ಹಾಕಿದರೆ ಹುಳು ಒಂದೇ ಸಮ ಬರುವುದಿಲ್ಲ, ನಿನಗೆ ಗೊತ್ತಲ್ವಾ? ನಾಲ್ಕನೇ ಜ್ವರ ಎದ್ದ ಮೇಲೆ ನೋಡಬೇಕು ಅವು ತಿನ್ನುವ ರಭಸ! ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆಮೇಲೇ ಖರ್ಚಾಗುತ್ತದೆ. ನಿನಗೂ ಈಗ ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಸ್ವಲ್ಪ ದಿನ ಹಾಗೇ ಇರಲಿ. ಯಾರೂ ಅವಸರ ಮಾಡುವುದಿಲ್ಲ. ಊಟ ಮಾತ್ರ ಬಿಡಬೇಡ.

ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದವಳು ನಾಯಕಿಯ ಗೆಳತಿ. ಪ್ರೀತಿಯಲ್ಲಿದ್ದಷ್ಟು ದಿನ ಇವಳು ಅವಳ ಫೋನನ್ನೂ ಎತ್ತಿರಲಿಲ್ಲ. ಆದರೂ ಸುದ್ದಿ ತಿಳಿದ ದಿನವೇ ಅವಳು ಓಡಿ ಬರುತ್ತಾಳೆ. 'ನಾನು ಆಗಲೇ ಹೇಳಿದ್ದೆ' ಅನ್ನುವುದಿಲ್ಲ. ರಾಶಿ ಬಿದ್ದ ಬಟ್ಟೆ ಮಡಚುತ್ತಾ ಪಕ್ಕದಲ್ಲಿ ಕೂರುತ್ತಾಳೆ. ಎಷ್ಟೋ ಪುಟ ಆದ ಮೇಲೆ ಇವಳು ಕ್ಷಮೆ ಕೇಳುತ್ತಾಳೆ. ಬಹುಮಾನ ಬಂದಾಗ ಅಲ್ಲ, ಆ ಕ್ಷಮೆ ಕೇಳಿದಾಗ ಇವಳು ದೊಡ್ಡವಳಾದಳು ಅನ್ನಿಸಿತು ನನಗೆ. ಆ ಪುಟದಲ್ಲಿ ನೀನು ಒಂದು ಗೆರೆಯನ್ನೂ ಎಳೆದಿಲ್ಲ.

ನಿನಗೂ ಅಂಥವಳು ಒಬ್ಬಳಿದ್ದಾಳೆ. ಹೈಸ್ಕೂಲಿನಲ್ಲಿ ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವಳು. ಹೋದ ವಾರ ಗೂಡು ಮಾರಲು ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. "ಅವಳು ಮಾತಾಡಿ ತುಂಬಾ ದಿನ ಆಯ್ತು ಅಂಕಲ್, ಚೆನ್ನಾಗಿದ್ದಾಳಾ?" ಅಂದಳು. ಮುಖ ಸಣ್ಣದಾಗಿತ್ತು. ನಾನು ಏನೂ ಬಿಟ್ಟುಕೊಡಲಿಲ್ಲ. ಈಗ ಚಿಕ್ಕಬಳ್ಳಾಪುರದಲ್ಲಿ ಬಿ.ಎಡ್. ಓದುತ್ತಿದ್ದಾಳೆ, ಭಾನುವಾರ ಬಿಡುವಂತೆ. ಬೆಂಗಳೂರಿಂದ ನಿನಗೆ ಒಂದೇ ಬಸ್ಸು. ಮೊದಲು ಫೋನ್ ನೀನೇ ಮಾಡಬೇಕು. ಅವಳ ಹೊಸ ನಂಬರು ಕಾಗದದ ಹಿಂದೆ ಬರೆದಿದ್ದೇನೆ.

ನಿನ್ನ
ಅಪ್ಪ