ಪಿಸ್ಟನ್ ನಿಂತರೆ ಮೊದಲು ವಾಲ್ವ್ ಒತ್ತಿ, ಆಮೇಲೆ ಕೋಡ್

ಸಂಪಾದಕರಿಗೆ,

ಮಾನ್ಯರೇ,

ವಿದ್ಯಾರ್ಥಿಗಳ ರೋಬಾಟ್ ಸ್ಪರ್ಧೆಯ ವರದಿ ಎಂದರೆ ಗೆದ್ದ ತಂಡದ ಫೋಟೊ. ಎರಡು ಪಂದ್ಯಗಳ ನಡುವೆ ಪಿಟ್‌ನಲ್ಲಿ, ಅಂದರೆ ತಂಡಗಳು ರೋಬಾಟ್ ರಿಪೇರಿ ಮಾಡಿಕೊಳ್ಳುವ ಜಾಗದಲ್ಲಿ, ಆಗುವ ಪರದಾಟ ಯಾರ ಕಣ್ಣಿಗೂ ಬೀಳುವುದಿಲ್ಲ. ಗಾಳಿಯಿಂದ ಚಲಿಸುವ ತೋಳು ಮಿಸುಕಾಡದಿದ್ದರೆ ಮಕ್ಕಳು ಮೊದಲು ಬಿಚ್ಚುವುದೇ ಲ್ಯಾಪ್‌ಟಾಪ್. ನೆಟ್ಟಗಿದ್ದ ಕೋಡನ್ನು ಅವಸರದಲ್ಲಿ ತಿದ್ದಿ, ಇದ್ದ ಒಂದು ದೋಷವನ್ನು ಎರಡಾಗಿಸಿಕೊಂಡು ಅಂಗಳಕ್ಕೆ ಇಳಿಯುತ್ತಾರೆ. ತಪ್ಪು ಮಕ್ಕಳದಲ್ಲ, ಹುಡುಕುವ ಕ್ರಮವನ್ನು ಹೇಳಿಕೊಡದ ನಮ್ಮಂಥ ಮಾರ್ಗದರ್ಶಕರದು.

ಪಿಸ್ಟನ್ನಿಗೆ ಗಾಳಿ ಬಿಡುವ, ವಿದ್ಯುತ್ತಿನಿಂದ ಹೊರಳುವ ಸೊಲೆನಾಯ್ಡ್ ವಾಲ್ವಿನ ಮೈಮೇಲೆ ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಒತ್ತಬಹುದಾದ ಒಂದು ಗುಂಡಿ ಇರುತ್ತದೆ. ಎರಡು ಕಾಯಿಲ್ (ವಿದ್ಯುತ್ ಸುರುಳಿ) ಇರುವ ಡಬಲ್ ಸೊಲೆನಾಯ್ಡ್ ಆದರೆ ಎರಡು. ಟ್ಯಾಂಕಿನಲ್ಲಿ ಗಾಳಿ ಇರುವಾಗ ಅದನ್ನು ಒತ್ತಿ ನೋಡಿ. ಪಿಸ್ಟನ್ ಹೊರಬಂದರೆ ಗಾಳಿಯ ಹಾದಿ ಸರಿಯಿದೆ, ತೊಂದರೆ ವೈರಿನಲ್ಲೋ ಕೋಡಿನಲ್ಲೋ ಇದೆ. ಬರದಿದ್ದರೆ ಲ್ಯಾಪ್‌ಟಾಪ್ ಮುಚ್ಚಿಡಬಹುದು. ಹತ್ತು ಸೆಕೆಂಡಿನ ಕೆಲಸ. ಆದರೆ ಒಂದು ಎಚ್ಚರ: ರೋಬಾಟ್ ನಿಷ್ಕ್ರಿಯವಾಗಿದ್ದರೂ ಟ್ಯಾಂಕಿನ ಗಾಳಿ ನಿಷ್ಕ್ರಿಯವಲ್ಲ. 20 ಮಿಲಿಮೀಟರ್ ಒಳವ್ಯಾಸದ ಸಿಲಿಂಡರ್ 60 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ಸುಮಾರು 13 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ಕೈಬೆರಳು ಸಿಕ್ಕಿಕೊಳ್ಳಲು ಅಷ್ಟು ಸಾಕು.

ಗುಂಡಿ ಒತ್ತಿದರೂ ಅಲುಗದಿದ್ದರೆ ಗೇಜ್ ಓದಿ. ಫಸ್ಟ್ ರೊಬಾಟಿಕ್ಸ್ ಕಾಂಪಿಟಿಷನ್ ಎಂಬ ವಿದ್ಯಾರ್ಥಿ ಸ್ಪರ್ಧೆಯ ನಿಯಮದಂತೆ ಸಂಗ್ರಹದ ಒತ್ತಡ 120 ಪಿಎಸ್‌ಐ, ಒತ್ತಡ ತಗ್ಗಿಸುವ ರೆಗ್ಯುಲೇಟರ್ ದಾಟಿದ ಮೇಲಿನ ಕೆಲಸದ ಒತ್ತಡ 60 ಪಿಎಸ್‌ಐ ಮೀರುವಂತಿಲ್ಲ. ತನ್ನೊಳಗೆ ಹರಿಯುವ ಗಾಳಿಯ ಬಲದಿಂದಲೇ ಸರಿಯುವ ವಾಲ್ವಿಗೆ ಸುಮಾರು 20 ಪಿಎಸ್‌ಐ ಆದರೂ ಬೇಕು, ನಿಖರ ಅಂಕಿ ಅದರ ಡೇಟಾಶೀಟಿನಲ್ಲಿ ಇರುತ್ತದೆ. ಪಂದ್ಯದ ಕೊನೆಯಲ್ಲಿ ಒತ್ತಡ ಅದಕ್ಕಿಂತ ಕೆಳಗಿಳಿದಾಗ ಕಾಯಿಲ್ ಟಿಕ್ ಎನ್ನುತ್ತದೆ, ವಾಲ್ವ್ ಮಾತ್ರ ಹೊರಳುವುದಿಲ್ಲ. ಶುರುವಿನಲ್ಲಿ ನಡೆದದ್ದು ಕೊನೆಗೆ ನಿಂತಿತಲ್ಲ, ಕೋಡೇ ಕೈಕೊಟ್ಟಿತು ಎಂದು ಕಾಣುವುದು ಇಲ್ಲಿಯೇ. ಸೋರಿಕೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಓರೆಯಾಗಿ ಕತ್ತರಿಸಿದ ಟ್ಯೂಬ್ ಫಿಟ್ಟಿಂಗಿನಲ್ಲಿ ಸರಿಯಾಗಿ ಕೂರದಿರುವುದೇ ಹೆಚ್ಚಿನ ಸಲ ಕಾರಣ.

ಗುಂಡಿಗೆ ಓಗೊಟ್ಟ ಪಿಸ್ಟನ್ ಜಾಯ್‌ಸ್ಟಿಕ್‌ಗೆ ಓಗೊಡದಿದ್ದರೆ ವಾಲ್ವುಗಳಿಗೆ ವಿದ್ಯುತ್ ಕೊಡುವ ನ್ಯೂಮ್ಯಾಟಿಕ್ಸ್ ಮಾಡ್ಯೂಲಿನಲ್ಲಿ ಆ ವಾಲ್ವಿನ ಚಾನೆಲ್‌ನ, ಅಂದರೆ ಅದನ್ನು ಜೋಡಿಸಿದ ಜಾಗದ, ದೀಪ ನೋಡಿ. ದೀಪ ಹತ್ತಿಯೂ ವಾಲ್ವ್ ಸುಮ್ಮನಿದ್ದರೆ ವೈರು ಬಿಟ್ಟಿರಬೇಕು, ಇಲ್ಲವೇ 24 ವೋಲ್ಟಿನ ಕಾಯಿಲ್‌ಗೆ 12 ವೋಲ್ಟ್ ಹೋಗುತ್ತಿರಬೇಕು. ಮಾಡ್ಯೂಲಿನ ವೋಲ್ಟೇಜ್ ಆರಿಸುವ ಸಣ್ಣ ತುಂಡು, ಅಂದರೆ ಜಂಪರ್, ತಪ್ಪು ಜಾಗದಲ್ಲಿ ಕೂತಿರುವುದು ಸಾಮಾನ್ಯ. ದೀಪವೇ ಹತ್ತದಿದ್ದರೆ ಮಾತ್ರ ಕೋಡಿನ ಸರದಿ.

ಅಲ್ಲಿ ಮೊದಲು ಮಾಡ್ಯೂಲಿನ ಬಗೆ ಮತ್ತು ಕ್ಯಾನ್ ಐಡಿ (ರೋಬಾಟಿನ ಒಳಜಾಲದಲ್ಲಿ ಅದರ ಸಂಖ್ಯೆ) ನೋಡಬೇಕು. ಸಿಟಿಆರ್‌ಇ ಕಂಪನಿಯ ಪಿಸಿಎಂ ಮಾಡ್ಯೂಲಿಗೆ, ಈ ಸ್ಪರ್ಧೆಯ ಕೋಡ್ ಲೈಬ್ರರಿಯಾದ ಡಬ್ಲ್ಯುಪಿಐಲಿಬ್‌ನಲ್ಲಿ ಮೊದಲೇ ಇರುವ ಐಡಿ 0, ರೆವ್ ಕಂಪನಿಯ ನ್ಯೂಮ್ಯಾಟಿಕ್ ಹಬ್ ಮಾಡ್ಯೂಲಿಗೆ 1. ಹಳೆಯ ವರ್ಷದ ಕೋಡನ್ನು ಹೊಸ ಮಾಡ್ಯೂಲಿಗೆ ಹಾಗೇ ಹಚ್ಚಿದವರು ಇಲ್ಲಿ ಎಡವುತ್ತಾರೆ. ಕಂಪ್ರೆಸರ್ ಓಡುತ್ತಿಲ್ಲ ಎಂದು ಗಾಬರಿಯಾಗುವ ಮುನ್ನ ರೋಬಾಟನ್ನು ಎನೇಬಲ್ (ಸಕ್ರಿಯ) ಮಾಡಿದ್ದೀರಾ ನೋಡಿ. ನಿಷ್ಕ್ರಿಯವಾಗಿದ್ದಾಗ ಅದು ಓಡುವುದಿಲ್ಲ. ಕೋಡಿನಲ್ಲಿ ಆ ಮಾಡ್ಯೂಲಿನ ಸೊಲೆನಾಯ್ಡ್ ಅಥವಾ ಕಂಪ್ರೆಸರ್ ಆಬ್ಜೆಕ್ಟ್ ಒಂದಾದರೂ ಇರಬೇಕು. ಅದಿದ್ದರೆ ಪ್ರೆಶರ್ ಸ್ವಿಚ್ ನೋಡಿಕೊಂಡು ಕಂಪ್ರೆಸರ್ ತಾನೇ ಓಡಿ ತಾನೇ ನಿಲ್ಲುತ್ತದೆ, ಅದಕ್ಕೆಂದು ಬೇರೆ ಕೋಡ್ ಬರೆಯುವುದು ವೃಥಾ ಶ್ರಮ.

ನಿಜವಾಗಿ ಕಾಡುವುದು ಟಾಗಲ್, ಅಂದರೆ ಒಳಗಿದ್ದರೆ ಹೊರಕ್ಕೆ, ಹೊರಗಿದ್ದರೆ ಒಳಕ್ಕೆ ಎಂಬ ಆಜ್ಞೆ. ಮುಖ್ಯ ಲೂಪ್ 20 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 50 ಸಲ ಸುತ್ತುತ್ತದೆ. ‘ಬಟನ್ ಒತ್ತಿದ್ದರೆ ಟಾಗಲ್ ಮಾಡು’ ಎಂಬುದನ್ನು, ಬಟನ್ ಈಗ ಒತ್ತಿದ ಸ್ಥಿತಿಯಲ್ಲಿದೆಯೇ ಎಂದಷ್ಟೇ ಹೇಳುವ ಗೆಟ್‌ರಾಬಟನ್ ಬಳಸಿ ಬರೆದರೆ, ಮಗು ಕಾಲು ಸೆಕೆಂಡ್ ಬಟನ್ ಹಿಡಿದಾಗ ಆಜ್ಞೆ ಹನ್ನೆರಡು ಸಲ ಹೋಗುತ್ತದೆ, ಕೆಲವೊಮ್ಮೆ ಹದಿಮೂರು ಸಲ. ಸಮ ಸಂಖ್ಯೆಯಾದರೆ ತೋಳು ನಡುಗಿ ಇದ್ದಲ್ಲೇ ಉಳಿಯುತ್ತದೆ, ಬೆಸವಾದರೆ ಹೊರಬರುತ್ತದೆ. ‘ಒಮ್ಮೊಮ್ಮೆ ಕೆಲಸ ಮಾಡುತ್ತೆ ಸರ್’ ಎಂಬ ದೂರಿನ ಮೂಲ ಬಹುಪಾಲು ಇದೇ. ಗೆಟ್‌ರಾಬಟನ್‌ಪ್ರೆಸ್ಡ್ ಬಳಸಿದರೆ ಒತ್ತಿದ ಕ್ಷಣಕ್ಕೆ ಒಂದೇ ಸಲ ಎಣಿಕೆಯಾಗುತ್ತದೆ. ಇದರ ತದ್ವಿರುದ್ಧದ ದೋಷವೂ ಉಂಟು: ಡಬಲ್ ಸೊಲೆನಾಯ್ಡ್ ಆರಂಭದಲ್ಲಿ ಆಫ್ ಸ್ಥಿತಿಯಲ್ಲಿ ಇರುತ್ತದೆ, ಆಫ್ ಇರುವಾಗ ಟಾಗಲ್ ಏನನ್ನೂ ಮಾಡುವುದಿಲ್ಲ, ಎರರ್ ಕೂಡ ಕೊಡುವುದಿಲ್ಲ. ಶುರುವಿನಲ್ಲೇ ಒಮ್ಮೆ ರಿವರ್ಸ್‌ಗೆ ಇಟ್ಟುಬಿಟ್ಟರೆ ಮುಗಿಯಿತು.

ತೋಳು ಉಲ್ಟಾ ನಡೆದರೆ ಫಾರ್ವರ್ಡ್, ರಿವರ್ಸ್ ಚಾನೆಲ್ ಅದಲುಬದಲಾಗಿದೆ. ಒಬ್ಬ ಕೋಡಿನಲ್ಲಿ ಬದಲಿಸುವಾಗ ಇನ್ನೊಬ್ಬ ಟ್ಯೂಬ್ ಬದಲಿಸದಂತೆ ನೋಡಿಕೊಂಡರಾಯಿತು.

ಇನ್ನೊಂದನ್ನು ವಿನ್ಯಾಸದ ಹಂತದಲ್ಲೇ ನಿರ್ಧರಿಸಬೇಕು. ರೋಬಾಟ್ ನಿಷ್ಕ್ರಿಯವಾದೊಡನೆ ಎಲ್ಲ ಸೊಲೆನಾಯ್ಡ್‌ಗಳ ವಿದ್ಯುತ್ ನಿಲ್ಲುತ್ತದೆ. ಸ್ವಯಂಚಾಲಿತ ಅವಧಿ ಮುಗಿದು ಚಾಲಕರ ಅವಧಿ ಶುರುವಾಗುವ ನಡುವೆ ರೋಬಾಟ್ ಕ್ಷಣಕಾಲ ನಿಷ್ಕ್ರಿಯವಾಗುತ್ತದೆ. ಸಿಂಗಲ್ ಸೊಲೆನಾಯ್ಡ್ ಸ್ಪ್ರಿಂಗಿನ ಬಲದಿಂದ ಹಿಂದಕ್ಕೆ ಹೋಗುವುದರಿಂದ, ವಿದ್ಯುತ್ ಇದ್ದಾಗ ಮುಚ್ಚುವಂತೆ ಜೋಡಿಸಿದ ಹಿಡಿಕೆ ಆಗಲೇ ವಸ್ತುವನ್ನು ಕೈಬಿಡುತ್ತದೆ. ಡಬಲ್ ಸೊಲೆನಾಯ್ಡ್ ಕೊನೆಯ ಸ್ಥಾನದಲ್ಲೇ ನಿಲ್ಲುತ್ತದೆ. ಈ ದೋಷಕ್ಕೆ ಕೋಡಿನಲ್ಲಿ ಮದ್ದಿಲ್ಲ, ವಾಲ್ವನ್ನೇ ಬದಲಿಸಬೇಕು, ಇಲ್ಲವೇ ಟ್ಯೂಬ್‌ಗಳನ್ನು ಅದಲುಬದಲು ಮಾಡಿ ವಿದ್ಯುತ್ ಇಲ್ಲದಾಗ ಹಿಡಿದಿರುವಂತೆ ಜೋಡಿಸಬೇಕು.

ಮಾರ್ಗದರ್ಶಕರಲ್ಲಿ ನನ್ನ ಕೋರಿಕೆ ಇಷ್ಟೆ: ಪ್ರತಿ ವಾಲ್ವಿನ ಮೇಲೂ ಚಾನೆಲ್ ಸಂಖ್ಯೆ ಬರೆದ ಟೇಪ್ ಅಂಟಿಸಿ. ಕೋಡಿನಲ್ಲಿ ಅದೇ ಸಂಖ್ಯೆಗಳು ಒಂದೇ ಫೈಲಿನಲ್ಲಿರಲಿ. ಪಿಟ್ ಪೆಟ್ಟಿಗೆಯಲ್ಲಿ ವಾಲ್ವಿನ ಗುಂಡಿಗೆ ಹೊಂದುವ ಒಂದು ಸ್ಕ್ರೂಡ್ರೈವರ್ ಯಾವಾಗಲೂ ಕೈಗೆ ಸಿಗುವಂತಿರಲಿ.

ಇತಿ,
ವಿದ್ಯಾರ್ಥಿ ರೋಬಾಟ್ ತಂಡದ ಒಬ್ಬ ಮಾರ್ಗದರ್ಶಕ