ಗೊತ್ತಿರುವ ಪದದ ಮೇಲೆ ಒಂದು ಕಣ್ಣಿರಲಿ

ಸೋಮವಾರಪೇಟೆ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಓದಿ ಖುಷಿಯಾಯಿತು. ಇಂಗ್ಲಿಷಿನ ಹಳೇ ಪದಗಳನ್ನೆಲ್ಲ ಬರೆದಿಟ್ಟು ಬಾಯಿಪಾಠ ಮಾಡ್ತಿದ್ದೀಯಂತೆ. ಮಾಡು. ಆದರೆ ಬಳಕೆ ತಪ್ಪಿದ ಪದಗಳಿಗೆ ಅಷ್ಟು ಹೆದರಬೇಡ. ‘ಓವರ್‌ಮಾರೋ’ ಅಂತ ಕಂಡರೆ ಸೀದಾ ಡಿಕ್ಷನರಿ ತೆಗೆಯುತ್ತೀಯ. ನಮ್ಮ ನಾಡಿದ್ದು ಅಂತ ತಿಳಿಯುತ್ತದೆ, ಮುಗಿಯಿತು. ಮೋಸ ಮಾಡುವುದು ದಿನಾ ಬಳಸುವ ಪದಗಳು. ಹಳೇ ಬರಹದಲ್ಲಿ ಅವು ಸಿಕ್ಕಾಗ, ಇದು ಗೊತ್ತಿರೋದೇ ಅಲ್ವಾ ಅಂತ ಮುಂದೆ ಹೋಗಿಬಿಡುತ್ತೇವೆ.

ನಿನ್ನ ಪಾಸ್‌ಪೋರ್ಟ್ ತೆಗೆದು ನೋಡು. ರಾಷ್ಟ್ರಪತಿಗಳ ಹೆಸರಿನಲ್ಲಿರುವ ಒಕ್ಕಣೆಯಲ್ಲಿ ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಅಂತಿದೆ. ಲೆಟ್ ಅಂದರೆ ಬಿಡು ಅಂತ ತಾನೇ ಶಾಲೆಯಲ್ಲಿ ಕಲಿತದ್ದು? ಇಲ್ಲಿ ಅದರ ಅರ್ಥ ಅಡ್ಡಿ. ಪೂರಾ ಉಲ್ಟಾ! ಮೊದಲು ಅವು ಎರಡು ಬೇರೆ ಪದಗಳು. ಬರಬರುತ್ತಾ ಒಂದೇ ಉಚ್ಚಾರಕ್ಕೆ ಬಂದವು.

‘ನೈಸ್’ ಕೂಡ ಹಾಗೇ. ಒಂದು ಕಾಲದಲ್ಲಿ ಅದು ದಡ್ಡರಿಗೆ ಹೇಳುವ ಮಾತು.

ಇನ್ನು ತೋಟದ ಗುತ್ತಿಗೆ ಪತ್ರಗಳು. ಪೇಪರಿನಲ್ಲಿ ‘ಡಿಮೈಸ್’ ಅಂದರೆ ಯಾರೋ ತೀರಿಕೊಂಡರು ಅಂತ. ಗುತ್ತಿಗೆ ಪತ್ರದಲ್ಲಿ ಅದೇ ಪದಕ್ಕೆ ಜಾಗವನ್ನು ಗುತ್ತಿಗೆಗೆ ಕೊಡುವುದು ಅಂತ ಅರ್ಥ. ಆಸ್ತಿ ಕೈ ಬದಲಾಗುವುದೇ ಅದರ ಹಳೇ ಅರ್ಥ. ಯಜಮಾನ ಸತ್ತಾಗಲೂ ಆಸ್ತಿ ಕೈ ಬದಲಾಗುತ್ತದಲ್ಲ, ಹಾಗಾಗಿ ಸಾವಿನ ಅರ್ಥ ಆಮೇಲೆ ಸೇರಿಕೊಂಡಿತು. ಲಾ ಓದುವವಳು ನೀನು, ಇದನ್ನು ಮರೀಬೇಡ. ಜನ ನಿನ್ನ ಮಾತು ನಂಬಿ ಸಹಿ ಹಾಕುತ್ತಾರೆ.

ನಮ್ಮ ಕಾಫಿ ತೋಟಗಳಲ್ಲಿ ಆಳುಗಳ ಹಾಜರಿ ಹಾಕಿ ಲೆಕ್ಕ ಇಡುವವರನ್ನು ರೈಟರ್ ಅಂತೀವಲ್ಲ? ಅವರು ಕಥೆ ಬರೆಯುವವರಲ್ಲ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಗುಮಾಸ್ತರಿಗೆ ಆ ಹೆಸರಿತ್ತು. ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್‌ಗೆ ಹೆಸರು ಬಂದದ್ದೂ ಅವರಿಂದಲೇ. ಆ ಅರ್ಥ ಇಲ್ಲಿ ಇನ್ನೂ ಗಟ್ಟಿಯಾಗಿದೆ. ನನಗಂತೂ ಇದು ತುಂಬಾ ಇಷ್ಟ.

ಹಾಗಾಗಿ ಏನೇ ಓದಿದರೂ ಮೊದಲು ಅದು ಬರೆದ ಇಸವಿ ನೋಡು. ಆಕ್ಸ್‌ಫರ್ಡಿನ ದೊಡ್ಡ ನಿಘಂಟು ನಿಮ್ಮ ಲೈಬ್ರರಿಯಲ್ಲಿದೆಯಾ ಕೇಳು. 1884ರಲ್ಲಿ ಅದರ ಮೊದಲ ಕಂತು ಬಂತು, ಮುಗಿದದ್ದು 1928ರಲ್ಲಿ. ಒಂದೊಂದು ಅರ್ಥವೂ ಯಾವ ಇಸವಿಯ ಬರಹದಲ್ಲಿ ಸಿಕ್ಕಿತು ಅಂತ ಉದಾಹರಣೆ ಸಮೇತ ಕೊಟ್ಟಿದ್ದಾರೆ. ಬಳಕೆ ತಪ್ಪಿದ್ದರ ಮುಂದೆ ಪುಟ್ಟ ಕತ್ತಿಯ ಗುರುತು ಇರುತ್ತದೆ.

ಹಳೇ ಪದ ಗೊತ್ತು ಅಂತ ತೋರಿಸಲು ಸುಮ್ನೆ ನಿನ್ನ ಬರಹದಲ್ಲಿ ತುರುಕಬೇಡ. ಓದುವವರಿಗೆ ಕಷ್ಟ.

ರಜೆಗೆ ಬಂದಾಗ ಅಜ್ಜನ ಪೆಟ್ಟಿಗೆಯಲ್ಲಿರುವ ತೋಟದ ಕಾಗದಗಳನ್ನು ಕೂತು ಓದೋಣ. ಪಾಲಿನ ವಿಷಯ ಬಂದಲ್ಲೆಲ್ಲ ‘ಮೊಯಿಟಿ’ ಅಂತಿದೆ. ಏನು ಅಂತ ಮೊದಲೇ ನೋಡಿಕೊಂಡು ಬಾ.

ಇತಿ,
ನಿನ್ನ ಅತ್ತೆ